ನಿಷ್ಕಾಮ ಕರ್ಮ ಮತ್ತು ನಮ್ಮ ಒಕ್ಕಲುತನ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ ಕೂರಿಗಿ ಹಿಡಿದವನು. ಆದರೂ ಈ ವಿಷಯದ ಮೇಲೆ ನಾಲ್ಕು ಮಾತು ಆಡುತ್ತೇನೆಂದು ನಾನೇ ಕೇಳಿಕೊಂಡೆ. ಅದಕ್ಕೆ ಕಾರಣವುಂಟು. ಒಮ್ಮೆ ಸಾಲ ವಸೂಲಿಗೆ ಹೋದಾಗ ನಮ್ಮ ಸದಸ್ಯರೊಬ್ಬರು ಕಟ್ಟಿ ಮೇಲೆ ಕೂತು, "ಡೈರೆಕ್ಟರ್ ಸಾಹೇಬ್ರ, ನೀವು ಗೀತಾ ಓದೋರು. ಕೃಷ್ಣ ಪರಮಾತ್ಮ ಫಲದ ಆಸೆ ಬಿಡು ಅಂತಾನ. ಮತ್ತ ನೀವ್ಯಾಕ ಬಡ್ಡಿ ಆಸೆ ಬಿಡವಲ್ರಿ?" ಅಂದರು. ಕೂತವರೆಲ್ಲಾ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಆವತ್ತು ಕೊಡದ ಉತ್ತರವನ್ನು ಇವತ್ತು ಕೊಡುತ್ತಿದ್ದೇನೆ. ಅವರು ಇಲ್ಲೇ ಮುಂದೆ ಕೂತಿದ್ದಾರೆ, ಹೆಸರು ಹೇಳುವುದಿಲ್ಲ.

ಈ ವಿಚಾರ ಬರುವುದು ಗೀತೆಯ ಎರಡನೇ ಅಧ್ಯಾಯದಲ್ಲಿ. ನಾವು ಅದರಲ್ಲಿ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಕೆಲಸ ನಮ್ಮ ಕೈಯೊಳಗಿನದು, ಫಲ ನಮ್ಮ ಕೈಯೊಳಗಿನದಲ್ಲ, ಇದು ಎಲ್ಲರಿಗೂ ಗೊತ್ತು. ಅದೇ ಶ್ಲೋಕದ ಕೊನೆಗೆ, ಹಾಗಂತ ಕೆಲಸ ಬಿಟ್ಟು ಕೂಡುವ ಚಟವೂ ಹತ್ತಬಾರದು ಎಂಬ ಎಚ್ಚರಿಕೆ ಇದೆ. ಅದನ್ನು ನಾವು ಮರೆತೇಬಿಡುತ್ತೇವೆ. ಮುಂದಿನ ಶ್ಲೋಕಗಳಲ್ಲಿ ಯೋಗ ಅಂದರೇನು ಎಂದು ಎರಡು ರೀತಿ ಹೇಳಿದೆ. ಕೆಲಸ ಕೈಗೂಡಿದರೂ ಕೈಗೂಡದಿದ್ದರೂ ಮನಸ್ಸು ಸಮ ಇರುವುದು ಒಂದು, ಮಾಡುವ ಕೆಲಸದಲ್ಲಿ ಕುಶಲತೆ ಇನ್ನೊಂದು.

ಆ ಕುಶಲತೆ ನೋಡಬೇಕೆಂದರೆ ಶಹಾಬಾದ್, ವಾಡಿ ಕಡೆಯ ಕಲ್ಲಿನ ಗಣಿಗೆ ಹೋಗಬೇಕು. ಫರಸಿ ಎಬ್ಬಿಸುವವನು ಕಲ್ಲಿನ ಪದರ ಹುಡುಕಿ ಪೆಟ್ಟು ಹಾಕುತ್ತಾನೆ. ಇವತ್ತು ಎಷ್ಟು ಫರಸಿ ಆದಾವು, ಎಷ್ಟು ಕೂಲಿ ಬಂದೀತು ಎಂದು ಮನಸ್ಸು ಅತ್ತ ಹೋದರೆ ಪೆಟ್ಟು ಇತ್ತ ಬಿದ್ದು ಫರಸಿ ಒಡೆಯುತ್ತದೆ. ಅವನಿಗೆ ಕೂಲಿ ಬೇಡವೆಂದಲ್ಲ, ಕೂಲಿ ಬಂದರೇ ಮನೆಯಲ್ಲಿ ಒಲೆ ಹತ್ತುವುದು. ಪೆಟ್ಟು ಹಾಕುವ ಹೊತ್ತಿಗೆ ಮನಸ್ಸು ಕಲ್ಲಿನ ಮೇಲಿರಬೇಕು, ಅಷ್ಟೇ. ಗಾಂಧೀಜಿಯವರು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ವರ್ಷವೇ, 'ಅನಾಸಕ್ತಿ ಯೋಗ' ಎಂಬ ಹೆಸರಿನಿಂದ ಗೀತೆಯನ್ನು ಗುಜರಾತಿಗೆ ತಂದರು. ಫಲ ಬಿಡುವುದೆಂದರೆ ಪರಿಣಾಮದ ವಿಚಾರವನ್ನೇ ಮಾಡದಿರುವುದಲ್ಲ ಎಂದು ಅವರೂ ಬಿಡಿಸಿ ಹೇಳಿದ್ದಾರೆ.

ಈ ತಕರಾರು ನಮ್ಮ ಸೀಮೆಗೆ ಹೊಸದಲ್ಲ. ಚಿತ್ತಾಪುರದ ಹತ್ತಿರ ನಾಗಾವಿ ಯಲ್ಲಮ್ಮನ ಜಾತ್ರೆಗೆ ಹೋದವರು ಅಲ್ಲಿನ ಅರವತ್ತು ಕಂಬದ ಗುಡಿ ನೋಡಿಯೇ ಇರುತ್ತೀರಿ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಲಯ ಇತ್ತು. ವೇದ ಓದುವ 200 ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವವರು, ಪುಸ್ತಕ ಭಂಡಾರ ನೋಡಿಕೊಳ್ಳುವವರು, ಇವರೆಲ್ಲರ ವಿವರ 1058ರ ಶಾಸನದಲ್ಲಿದೆ. ಅಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳಲ್ಲಿ ಭಾಟ್ಟ, ಪ್ರಾಭಾಕರ ಎಂಬ ಎರಡು ದರ್ಶನಗಳೂ ಇದ್ದವು. ನಿವೃತ್ತ ಮಾಸ್ತರರೊಬ್ಬರು ನನಗೆ ಇದನ್ನು ಹೀಗೆ ತಿಳಿಸಿಕೊಟ್ಟರು: ಪ್ರಯೋಜನ ಕಾಣದೆ ಯಾರೂ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂಬುದು ಕುಮಾರಿಲ ಭಟ್ಟರ ಕಡೆಯವರ ಮಾತು. ಇದು ಮಾಡತಕ್ಕದ್ದು ಎಂಬ ತಿಳಿವಳಿಕೆ ಬಂದರೆ ಸಾಕು, ಅದೇ ಮನುಷ್ಯನನ್ನು ಎಬ್ಬಿಸುತ್ತದೆ ಎಂಬುದು ಪ್ರಭಾಕರರ ಕಡೆಯವರ ಮಾತು. ಅವರು ವಾದ ಮಾಡಿದ್ದು ಯಜ್ಞಯಾಗದ ಬಗ್ಗೆ. ನನಗೆ ಮಾತ್ರ ಇಬ್ಬರೂ ನಮ್ಮ ಹೊಲದ ಬದುವಿನ ಮೇಲೆ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ. ಯಾವ ತಳಿ ಬಿತ್ತಬೇಕು, ಗೊಬ್ಬರಕ್ಕೆ ಎಷ್ಟು ಖರ್ಚು ಎಂದು ಲೆಕ್ಕ ಹಾಕುವಾಗ ಭಟ್ಟರ ಮಾತೇ ಖರೆ. ಬಿತ್ತಿದ ಮೇಲೆ ರಾಶಿ ಆಗುವ ತನಕ ಆರು ತಿಂಗಳು ಕಾಯಬೇಕಲ್ಲ, ಆಗ ಪ್ರಭಾಕರರ ಹೊರತು ಗತಿಯಿಲ್ಲ.

1997-98ರ ಹಂಗಾಮು ಹಿರಿಯರಿಗೆ ನೆನಪಿರಬೇಕು. ಸೇಡಂ, ಚಿಂಚೋಳಿ, ಚಿತ್ತಾಪುರ ಎನ್ನದೆ ತೊಗರಿಗೆ ಕೀಡಿ ಬಿತ್ತು. ನಾನಾಗ ಶಾಲೆ ಹುಡುಗ. ಅಪ್ಪ ಮತ್ತೆ ಮತ್ತೆ ಎಣ್ಣಿ ಹೊಡೆದ. ಕೀಡಿ ಸಾಯಲಿಲ್ಲ, ಎಣ್ಣಿಗೆ ಅದು ಒಗ್ಗಿಹೋಗಿತ್ತು. ಆಮೇಲೆ ಮನೆ ಮಂದಿಯೆಲ್ಲಾ ಗಿಡದ ಬುಡಕ್ಕೆ ಗೋಣಿ ತಟ್ಟು ಹಾಸಿ, ಗಿಡ ಅಲುಗಾಡಿಸಿ ಕೀಡಿ ಉದುರಿಸಿದೆವು. ಉಳಿದದ್ದು ಅಷ್ಟರಲ್ಲೇ ಇತ್ತು. ಎಳ್ಳಮಾಸಿ ಬಂತು. ಈ ಸಲ ಚರಗ ಬೇಡ, ಹೊಲದಾಗ ಏನದ ಅಂತ ಚೆಲ್ಲೋದು ಎಂದು ನಾನು ಅಂದೆ. ಅಪ್ಪ ಸಿಟ್ಟಿಗೇಳಲಿಲ್ಲ. "ಹೊಲ ಕೊಟ್ಟದ್ದಕ್ಕ ಚರಗ ಚೆಲ್ಲತೀವೇನೋ?" ಎಂದು ಅವ್ವನ ಕೈಲಿಂದ ಬುಟ್ಟಿ ಇಸಕೊಂಡು, ಆ ಖಾಲಿ ಕಾಯಿ ಗಿಡಗಳ ನಡುವೆ ನಾಲ್ಕು ದಿಕ್ಕಿಗೂ ಚೆಲ್ಲಿ ಬಂದ. ನಿಷ್ಕಾಮ ಕರ್ಮವನ್ನು ನಾನು ಕಣ್ಣಾರೆ ಕಂಡದ್ದು ಅದೊಂದು ಸಲ. ಅಪ್ಪನಿಗೆ ಗೀತೆ ಓದಲು ಬರುತ್ತಿರಲಿಲ್ಲ.

ಆ ಪೆಟ್ಟು ಬಿದ್ದ ಮೇಲೆಯೇ ಊರಿನಲ್ಲಿ ಸಂಘದ ಮಾತು ಹುಟ್ಟಿತು. ಆಗ ಮನೆ ಮನೆ ತಿರುಗಿ ಷೇರು ಹಣ ಕೂಡಿಸಿದ ಹಿರಿಯರಲ್ಲಿ ಕೆಲವರು ಇವತ್ತು ಇಲ್ಲ. ಸಂಘ ನಿಂತೀತೋ ಮುಳುಗೀತೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೆ ಒಂದು ರೂಪಾಯಿಗೂ ರಸೀದಿ ಹರಿಯದೆ ಬಿಡಲಿಲ್ಲ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ತೊಗರಿಗೆ ನೆಟೆ ರೋಗ ಬಂದು ನಿಂತ ಗಿಡ ನಿಂತಲ್ಲೇ ಒಣಗಿದವಲ್ಲ, ಆ ವರ್ಷ ನನ್ನ ಸಾಲದ ಕಂತೂ ತಪ್ಪಿತು. ಡೈರೆಕ್ಟರ್ ಆದವನು ನಾನು, ಸಂಘದ ಮುಂದೆ ಹೋಗಲು ನಾಚಿ ಹಳ್ಳದ ದಾರಿ ಹಿಡಿದು ಹೊಲಕ್ಕೆ ಹೋಗುತ್ತಿದ್ದೆ. ಕೇಳಿದವರಿಗೆ, ಎಲ್ಲಾ ಭಗವಂತನಿಗೆ ಬಿಟ್ಟೀನಿ ಅನ್ನುತ್ತಿದ್ದೆ. ಖರೆ ಹೇಳಬೇಕೆಂದರೆ ನಾನು ಏನೂ ಬಿಟ್ಟಿರಲಿಲ್ಲ. ಜನ ಏನಂದಾರು ಎಂಬುದನ್ನೇ ಬಿಗಿ ಹಿಡಿದಿದ್ದೆ. ಅದೂ ಫಲದ ಆಸೆಯೇ. ಕಡೆಗೆ ಹೆಂಡತಿ, "ಬೆಳಿ ಹೋದದ್ದು ನಿಮ್ಮ ತಪ್ಪಲ್ಲ, ಹೋಗಿ ಹೇಳದಿದ್ದದ್ದು ನಿಮ್ಮ ತಪ್ಪು" ಅಂದಳು. ಮರುದಿನ ಹೋಗಿ ಸಭೆಯಲ್ಲಿ ಹೇಳಿದೆ, ಗಡುವು ಬರೆಸಿಕೊಂಡೆ, ಎರಡು ಹಂಗಾಮಿನಲ್ಲಿ ತೀರಿಸಿದೆ.

ಆದ್ದರಿಂದ ಕಟ್ಟಿ ಮೇಲಿನ ನನ್ನ ಅಣ್ಣನವರಿಗೆ ಉತ್ತರ ಇದು: ಮಳೆ, ಕೀಡಿ, ತೊಗರಿ ಧಾರಣಿ, ಇವು ಫಲದ ಲೆಕ್ಕಕ್ಕೆ ಸೇರಿದವು, ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಸಾಲ ತೀರಿಸುವುದು ಫಲವಲ್ಲರೀ, ಅದು ಕರ್ಮ. ತೀರಿಸಲು ಆಗದ ವರ್ಷ ಬಂದು ಬಾಯಿ ಬಿಟ್ಟು ಹೇಳುವುದೂ ಕರ್ಮ. ಹಾಗೆ ಬಂದವರ ಮಾತು ಕೇಳಿ, ಬೆಳೆ ನೋಡಿ, ಗಡುವು ಕೊಡುವುದು ನಮ್ಮ ಆಡಳಿತ ಮಂಡಳಿಯ ಕರ್ಮ. ಇದರಲ್ಲಿ ನಾವು ಎಲ್ಲಾ ಸಲ ಸರಿಯಾಗಿ ನಡೆದುಕೊಂಡಿಲ್ಲ ಎಂಬುದನ್ನು ನಮ್ಮ ಅಧ್ಯಕ್ಷರ ಎದುರಿಗೇ ಒಪ್ಪಿಕೊಳ್ಳುತ್ತೇನೆ. ಕಂತು ತಪ್ಪಿದವರ ವಿಷಯವನ್ನು ಮುಂದಿನ ಸಭೆಯಲ್ಲಿ ಮೊದಲಿಗೇ ಎತ್ತಿಕೊಳ್ಳಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಹಳ್ಳದ ದಾರಿ ಹಿಡಿದವರು ಯಾರಾದರೂ ಇದ್ದರೆ ಆವತ್ತು ನೆಟ್ಟಗೆ ಸಂಘಕ್ಕೆ ಬರಬೇಕು.

ಊಟ ತಯಾರಾಗಿದೆ ಎಂದು ಕಾರ್ಯದರ್ಶಿಗಳು ಆಗಿನಿಂದ ಸನ್ನೆ ಮಾಡುತ್ತಿದ್ದಾರೆ.