ಗಿಣ್ಣದ ಹಾಲು ಮೊದಲು ಕರುವಿಗೆ

(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ನಾವು ಮತ್ತೆ ಹೇಳುವುದಿಲ್ಲ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಬಾರದ ಒಂದು ವಿಷಯ, ಅಂದರೆ ತಾಯಿಯಲ್ಲಿ ಹಾಲು ಸಾಲದ ಎಳೆಗರುವಿನ ವಿಷಯ, ಎರಡು ಮಾತು ಹೇಳಿ ಕೂರುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷದ ಕೆಳಗೆ ನಮ್ಮ ಮನೆಯ ಸೀಮೆಹಸುವನ್ನು ಎಂಟು ತಿಂಗಳ ಗಬ್ಬವಾದರೂ ಬಟವಾಡೆ ಆಸೆಗೆ ಕರೆಯುತ್ತಲೇ ಇದ್ದೆವು. ಬತ್ತಿಸಲಿಲ್ಲ. ರಾತ್ರಿ ಹೆಣ್ಣು ಕರು ಹಾಕಿತು. ಕೆಚ್ಚಲಿಗೆ ಕೈ ಹಾಕಿದ್ರೆ ಬಂದದ್ದು ಒಂದು ಚೊಂಬು. ಅದರಲ್ಲೂ ಅರ್ಧ, ಗಿಣ್ಣು ಕಾಯಿಸೋಕೆ ಅಂತ ಒಳಗೆ ಹೋಯಿತು. ಬೆಳಿಗ್ಗೆ ಬೇರೆ ಹಸುವಿನ ಹಾಲು ಕುಡಿಸಿ, ಹೊಟ್ಟೆ ತುಂಬಿತಲ್ಲ ಅಂದುಕೊಂಡೆವು. ನಾಲ್ಕನೇ ದಿನ ಬಿಳಿ ಭೇದಿ ಶುರುವಾಯಿತು, ಆರನೇ ದಿನ ಕರು ಹೋಯಿತು. ಇವತ್ತು ಅದು ಇದ್ದಿದ್ದರೆ ಹಟ್ಟಿಯಲ್ಲಿ ಇನ್ನೊಂದು ಕರೆಯುವ ಹಸು ಇರುತ್ತಿತ್ತು.

ಹೊಟ್ಟೆ ತುಂಬುವುದೇ ಬೇರೆ, ಗಿಣ್ಣು ಕುಡಿಯುವುದೇ ಬೇರೆ ಅಂತ ಆಮೇಲೆ ಪಶುವೈದ್ಯರು ತಿಳಿಸಿಕೊಟ್ಟರು. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಒಂದಷ್ಟು ಗರ್ಭದಲ್ಲೇ ಬಂದಿರುತ್ತದೆ. ಹಸು, ಎಮ್ಮೆಯ ಕರುವಿಗೆ ಹಾಗಿಲ್ಲ, ಅದು ಗಿಣ್ಣಿನಿಂದಲೇ ಬರಬೇಕು. ಆ ಶಕ್ತಿಯನ್ನು ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಗಂಟೆ ಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನಕ್ಕೆ ಪೂರಾ ಮುಚ್ಚಿಹೋಗುತ್ತದೆ. ಕಸ ಬೀಳಲಿ, ಆಮೇಲೆ ಕುಡಿಸೋಣ ಅಂತ ನಮ್ಮಲ್ಲಿ ಕೆಲವರು ಕಾಯುತ್ತಾರೆ. ಕಾಯಬೇಡಿ. ಕರುವಿನ ತೂಕದಲ್ಲಿ ಹತ್ತನೇ ಒಂದು ಭಾಗ ಗಿಣ್ಣು ಮೊದಲ ದಿನವೇ ಹೋಗಬೇಕು. 30 ಕೆ.ಜಿ. ಕರುವಿಗೆ 3 ಲೀಟರ್. ಅದರಲ್ಲಿ ಅರ್ಧ, ಹುಟ್ಟಿದ ಎರಡು ಗಂಟೆಯೊಳಗೆ. ಉಳಿದದ್ದು ಹನ್ನೆರಡು ಗಂಟೆಯೊಳಗೆ.

ತಾಯಿಯಲ್ಲಿ ಅಷ್ಟು ಇಲ್ಲದಿದ್ದರೆ? ಊರಿನಲ್ಲಿ ಅದೇ ದಿನ ಈದ ಇನ್ನೊಂದು ಹಸುವಿನ ಗಿಣ್ಣು ಕೇಳಿ ತನ್ನಿ. ಕೆಚ್ಚಲುಬಾವು ಇರುವ ಹಸು, ಕಂದು ಹಾಕಿದ ಹಸುವಿನದು ಬೇಡ. ಎಲ್ಲೂ ಸಿಗಲಿಲ್ಲ ಅಂದರೆ 300 ಮಿ.ಲೀ. ಉಗುರುಬೆಚ್ಚನೆ ನೀರಿಗೆ ಒಂದು ಕೋಳಿಮೊಟ್ಟೆ, ಅರ್ಧ ಚಮಚ ಹರಳೆಣ್ಣೆ, 600 ಮಿ.ಲೀ. ಹಾಲು ಕದಡಿ ದಿನಕ್ಕೆ ಮೂರು ಸಲದಂತೆ ಮೂರು ನಾಲ್ಕು ದಿನ ಕುಡಿಸಬಹುದು. ಮೊಟ್ಟೆ ಅಂದ ತಕ್ಷಣ ಹಿಂದಿನ ಸಾಲಿನವರು ಮುಖ ಸಿಂಡರಿಸಬೇಡಿ, ಕುಡಿಯುವುದು ಕರು, ನೀವಲ್ಲ. ಆದರೆ ಇದು ಹೊಟ್ಟೆಗೆ ಆಧಾರವೇ ಹೊರತು ಗಿಣ್ಣಿನ ಶಕ್ತಿ ಇದರಲ್ಲಿಲ್ಲ. ಅಂಥ ಕರುವನ್ನು ಡಾಕ್ಟರಿಗೆ ತೋರಿಸಲೇಬೇಕು.

ಕುಡಿಸುವಾಗ ಗೊಟ್ಟ ಹಾಕಿ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ಕರು ಉಳಿಯುವುದು ಕಷ್ಟ. ತೊಳೆದ ಬೆರಳನ್ನು ಹಾಲಿನಲ್ಲಿ ಅದ್ದಿ ಚೀಪಿಸುತ್ತಾ ಪಾತ್ರೆಗೆ ಬಾಯಿ ತರಿಸಿ. ಎರಡು ಹೊತ್ತಿಗೆ ಕಲಿಯುತ್ತದೆ. ಹಾಲು ಮೈ ಬಿಸಿಯಷ್ಟೇ ಇರಲಿ. ಗಿಣ್ಣಿನ ದಿನಗಳು ಕಳೆದ ಮೇಲೆ ಬೇರೆ ಹಸುವಿನ ಹಾಲನ್ನು ಅದೇ ಹತ್ತನೇ ಒಂದು ಲೆಕ್ಕದಲ್ಲಿ ಕೊಡಿ, ನೀರು ಬೆರೆಸಿ ಹೆಚ್ಚು ಮಾಡಬೇಡಿ. ಎರಡನೇ ವಾರದಿಂದ ಕರುವಿನ ಹಿಂಡಿ, ಎಳೆ ಹುಲ್ಲು ಮುಂದಿಡಿ.

ಇನ್ನು ನಮ್ಮ ಕೋರಿಕೆ. ಗಿಣ್ಣದ ಹಾಲನ್ನು ಡೇರಿಗೆ ಹಾಕುವ ಹಾಗಿಲ್ಲ, ಕಾಯಿಸಿದರೆ ಒಡೆಯುತ್ತದೆ. ಅಂದಮೇಲೆ ಕರುವಿಗೆ ಕೊಟ್ಟರೆ ಬಟವಾಡೆಗೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಹಸು ಈದಾಗ ನಿಮ್ಮ ಕರು ಕುಡಿದು ಮಿಕ್ಕಿದರೆ, ಮೊದಲ ಸಲ ಕರೆದದ್ದರಲ್ಲಿ ಒಂದು ಲೀಟರ್ ಶುದ್ಧವಾದ ಬಾಟಲಿಗೆ ಹಾಕಿ ಸಂಘಕ್ಕೆ ಕೊಡಿ. ಡೀಪ್ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟರೆ ಒಂದು ವರ್ಷದವರೆಗೂ ಇರುತ್ತದೆ. ಬೇಕಾದಾಗ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕರಗಿಸಬೇಕು. ನೀರು ಕೈ ತಡೆಯುವಷ್ಟೇ ಬಿಸಿ ಇರಲಿ. ಒಲೆ ಮೇಲೆ ಇಟ್ಟರೆ ಗಿಣ್ಣಾಗಿ ನಿಮ್ಮ ತಟ್ಟೆಗೇ ಬರುತ್ತದೆ! ಫ್ರೀಜರ್ ಕೊಳ್ಳುವ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಗೆ ತರುತ್ತೇವೆ. ಖರ್ಚು ಯಾಕೆ ಅನ್ನದೆ ತಾವೆಲ್ಲ ಕೈ ಎತ್ತಬೇಕು.