ಹದಿಹರೆಯದ ಬಾಳಿನಲ್ಲಿ ವಿಶ್ವಾಸ



ಸಿನಿಮಾ ಹಾಡು, ಕ್ರಿಕೆಟ್, ಮೊಬೈಲಿನ ಆಟ ಇವು ನಮ್ಮ ಮಕ್ಕಳ ವಿಶ್ವಾಸವನ್ನು ಕಸಿದುಕೊಳ್ಳುತ್ತಿವೆ ಎಂಬ ದೂರನ್ನು ನಾವು ಆಗಾಗ ಕೇಳುತ್ತೇವೆ. ಈ ದೂರಿಗೆ ಉತ್ತರವಾಗಿ ಧರ್ಮಸಭೆಯು ಒಬ್ಬ ಬಾಲಕನನ್ನೇ ನಮ್ಮ ಮುಂದಿರಿಸಿದೆ.

ಕಾರ್ಲೊ ಅಕುಟಿಸ್ 1991ರಲ್ಲಿ ಲಂಡನ್ನಿನಲ್ಲಿ ಜನಿಸಿ, ಇಟಲಿಯ ಮಿಲಾನಿನಲ್ಲಿ ಬೆಳೆದವನು. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 15 ವರ್ಷ. ಕಂಪ್ಯೂಟರ್, ವಿಡಿಯೋ ಆಟ ಅವನಿಗೂ ಪ್ರಿಯವಾಗಿದ್ದವು. ಆದರೆ ಆ ಆಟಕ್ಕೆ ವಾರಕ್ಕೊಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡನು. ಬಲಿಪೂಜೆಗೆ ದಿನವೂ ಹೋದನು. ಪರಮಪ್ರಸಾದದ ಅದ್ಭುತಗಳ ವಿವರವನ್ನು ಕಲೆಹಾಕಿ ಅಂತರ್ಜಾಲದಲ್ಲಿ ಪ್ರಕಟಿಸಿದನು. ಮೊದಲು ಪೂಜೆಗೆ ಅಪರೂಪವಾಗಿದ್ದ ಅವನ ತಾಯಿ, ಮಗನಿಂದಲೇ ವಿಶ್ವಾಸಕ್ಕೆ ಮರಳಿದರು. ಜಗದ್ಗುರು ಹದಿನಾಲ್ಕನೆಯ ಲಿಯೋರವರು 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಸಾರಿದರು. ಅಸ್ಸೀಸಿಯಲ್ಲಿ ಅವನ ದೇಹವು ಇಂದಿಗೂ ಜೀನ್ಸ್ ಉಡುಪಿನಲ್ಲಿಯೇ ವಿಶ್ರಮಿಸಿದೆ.

ಆದ್ದರಿಂದ ಆಟಪಾಟಕ್ಕೂ ವಿಶ್ವಾಸಕ್ಕೂ ಹುಟ್ಟುವೈರವಿಲ್ಲ. ನಮ್ಮ ವೇಳೆಗೆ ಒಡೆಯರು ಯಾರು ಎಂಬುದೇ ಪ್ರಶ್ನೆ. ಯುವಜನರೇ, ಮಿತಿಯನ್ನು ಮತ್ತೊಬ್ಬರು ಹೇರುವ ಮುನ್ನ ನೀವೇ ಹಾಕಿಕೊಳ್ಳಿರಿ. ಹಾಡುವ ಕಂಠವುಳ್ಳವರು ಗಾಯನವೃಂದಕ್ಕೆ ಬನ್ನಿರಿ. ಕಂಪ್ಯೂಟರ್ ಬಲ್ಲವರು ಧರ್ಮಕೇಂದ್ರದ ಹಳೆಯ ದಾಖಲೆಗಳನ್ನು ಉಳಿಸಿಕೊಡಿರಿ. ಹಿರಿಯರೇ, ಸಂಜೆಯ ಜಪಸರದ ವೇಳೆಯಲ್ಲಿ ತಂದೆಯ ಕೈಯಲ್ಲಿ ಮೊಬೈಲಿದ್ದರೆ ಮಗನ ಕೈಗೆ ಜಪಮಣಿ ಬರುವುದೆಂತು? ಮಕ್ಕಳನ್ನು ಗದರಿಸುವುದಕ್ಕಿಂತ ಅವರೊಡನೆ ಮೊಣಕಾಲೂರುವುದು ಮೇಲು.

ಪೂರ್ವಿಕರು ಕಟ್ಟಿದ ಈ ದೇವಾಲಯಕ್ಕೆ ನೂರು ತುಂಬಿತು. ಇದರ ಎರಡನೆಯ ಶತಮಾನವು ಈ ಮಕ್ಕಳ ಕೈಯಲ್ಲಿದೆ. ಸಂತ ಕಾರ್ಲೊ ನಮಗಾಗಿ ಪ್ರಾರ್ಥಿಸಲಿ.