ತಾಳ್ಮೆ ಮತ್ತು ಸತತ ದುಡಿಮೆ

(ಯೆರವಡಾದಲ್ಲಿ ಕಾರ್ಮಿಕರ ಮುಂದೆ ಮಾಡಿದ ಭಾಷಣ)



ನಾವು ನಿತ್ಯ ಓಡಾಡುವ ಈ ಯೆರವಡಾದ ಜೈಲಿನಲ್ಲಿ 1922ರಲ್ಲಿ ಗಾಂಧೀಜಿಯನ್ನು ತಂದಿಟ್ಟರು. ಶಿಕ್ಷೆ ಆರು ವರ್ಷ. ಅವರು ದಿನ ಎಣಿಸುತ್ತ ಕೂರಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ಉರ್ದು ಅಭ್ಯಾಸ ಮಾಡಿದರು, ನೂಲು ತೆಗೆದರು, ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸವನ್ನು ಬರೆಸತೊಡಗಿದರು. 1924ರಲ್ಲಿ ಕಾಯಿಲೆಯ ದೆಸೆಯಿಂದ ಬಿಡುಗಡೆ. 1930ರಲ್ಲಿ ಮತ್ತೆ ಅದೇ ಜೈಲು. ಆಗ ಮಂಗಳವಾರಕ್ಕೊಂದರಂತೆ ಆಶ್ರಮಕ್ಕೆ ಬರೆದ ಕಾಗದಗಳೇ ಒಂದು ಪುಸ್ತಕವಾದವು. ಪೆಟ್ಟಿಗೆಯಲ್ಲಿ ಮಡಿಸಿಡುವ ಚರಕಕ್ಕೆ ಈ ಊರಿನ ಹೆಸರೇ ನಿಂತಿತು. ಸ್ವಾತಂತ್ರ್ಯ ಬಂದದ್ದು 1947ರಲ್ಲಿ; 1922ರಿಂದ ಎಣಿಸಿದರೆ ಇಪ್ಪತ್ತೈದು ವರ್ಷ.

ನಮ್ಮ ರಾತ್ರಿ ತರಗತಿಗೆ ಮೊದಲ ವಾರ ಚಾಪೆ ಸಾಲದು. ಎರಡನೆಯ ತಿಂಗಳಿಗೆ ಚಾಪೆಯಷ್ಟೇ ಉಳಿಯುತ್ತದೆ. ಹಗಲೆಲ್ಲ ಗ್ಲಾಸು ತೊಳೆದ ಕೈಗೆ ಬಳಪ ಭಾರವೆಂದು ಬಲ್ಲೆ, ನಾನೂ ತೊಳೆದವನೇ. ಆದರೆ ಪಗಾರದ ಚೀಟಿ ಓದಲು ಬಾರದವನು ಲೆಕ್ಕ ಕೇಳುವುದೆಂತು? ತಾಳ್ಮೆಯೆಂದರೆ ಧಣಿ ಕೊಟ್ಟಷ್ಟನ್ನು ಬಾಯಿ ಮುಚ್ಚಿ ತೆಗೆದುಕೊಳ್ಳುವುದಲ್ಲ. ಇಂದು ಹಿಡಿದ ಕೆಲಸವನ್ನು ನಾಳೆಯೂ ಹಿಡಿಯುವುದು. ಗಿರಣಿಯ ಬಂಧುಗಳಿಗೆ ಇದನ್ನು ಹೇಳಬೇಕಿಲ್ಲ: ಕಡಿದ ಎಳೆಯನ್ನು ಮತ್ತೆ ಮತ್ತೆ ಕೂಡಿಸಿದರೇ ಬಟ್ಟೆ.

ದಿನಕ್ಕೆ ಅರ್ಧ ತಾಸು ಬನ್ನಿ. ಬಿಟ್ಟುಹೋದ ಗೆಳೆಯನನ್ನೂ ಕರೆತನ್ನಿ.